ಕಪ್ಪು ಮರಳಿನ ಕಾಡು

ಬರ್ಲಿನ್ ನಗರದಿಂದ ಆಗ್ನೇಯ ದಿಕ್ಕಿಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ಪ್ರಯಾಣ ಮಾಡಿದರೆ ಕಾಟ್‌ಬುಸ್ ಎಂಬ ಪಟ್ಟಣ ಸಿಗುತ್ತದೆ. ಇಲ್ಲಿನ ಫಲಕಗಳ ಮೇಲೆ ಹೆಸರುಗಳು ಎರಡೆರಡು ಭಾಷೆಗಳಲ್ಲಿರುವುದನ್ನು ಕಂಡು ಹೊಸಬರಿಗೆ ಆಶ್ಚರ್ಯವಾಗುವುದು ಸಹಜ. ಒಂದು ಜರ್ಮನ್, ಇನ್ನೊಂದು ಸೋರ್ಬರ ನುಡಿ. ಸಾವಿರ ವರ್ಷಗಳಿಗೂ ಹಿಂದಿನಿಂದ ಇಲ್ಲಿ ನೆಲೆಸಿರುವ ಈ ಸ್ಲಾವ್ ಜನಾಂಗದವರು ಜರ್ಮನರ ನಡುವೆ ದ್ವೀಪದಂತೆ ಉಳಿದುಕೊಂಡು, ತಮ್ಮ ಭಾಷೆಯನ್ನೂ, ಹಬ್ಬದುಡುಗೆಯನ್ನೂ, ಈಸ್ಟರ್ ಹಬ್ಬದಲ್ಲಿ ಮೊಟ್ಟೆಯ ಚಿಪ್ಪಿನ ಮೇಲೆ ರಂಗವಲ್ಲಿಯಂಥ ಚಿತ್ರಗಳನ್ನು ಬರೆಯುವ ಕಲೆಯನ್ನೂ ಇಂದಿಗೂ ಬಿಟ್ಟಿಲ್ಲ. ಅವರ ಈ ನಾಡಿಗೆ ಲೌಸಿಟ್ಸ್ ಎಂದು ಹೆಸರು. ಸಮತಟ್ಟಾದ ಮರಳುಗಾಡು, ಮರಳಿನ ಮೇಲೆ ಪೈನ್ ಮರಗಳ ಕಾಡು, ಕಾಡಿನ ನಡುವೆ ನಿಧಾನವಾಗಿ ಹರಿಯುವ ಶ್ಪ್ರೇ ನದಿ. ನೋಡುವುದಕ್ಕೆ ಇಷ್ಟೇ.

ಕಾಟ್‌ಬುಸ್ಸಿನ ಅಂಚಿನಲ್ಲಿ ಬ್ರಾನಿಟ್ಸ್ ಎಂಬ ಉದ್ಯಾನವಿದೆ. ಪ್ಯೂಕ್ಲರ್ ಎಂಬ ರಾಜಕುಮಾರನು 19ನೆಯ ಶತಮಾನದ ನಡುಗಾಲದಲ್ಲಿ ಬರೀ ಬಯಲಾಗಿದ್ದ ಭೂಮಿಯನ್ನು ಅಗೆಸಿ, ಕೆರೆ ಮಾಡಿಸಿ, ಬಂದ ಮಣ್ಣಿನಿಂದ ದಿಬ್ಬಗಳನ್ನು ಎಬ್ಬಿಸಿ ಇದನ್ನು ನಿರ್ಮಿಸಿದನು. ಕೆರೆಯ ನಡುವೆ ಹುಲ್ಲು ಹೊದ್ದ ಒಂದು ಮಣ್ಣಿನ ಪಿರಮಿಡ್ಡು ಇದೆ. 1871ರಲ್ಲಿ ತೀರಿಕೊಂಡ ಆತನ ಸಮಾಧಿ ಅದರೊಳಗೇ ಇದೆ. ಶ್ರೀಮಂತರ ಹುಚ್ಚು ಎಂದು ನಕ್ಕು ಮುಂದೆ ಹೋಗಬಹುದಾಗಿತ್ತು. ಆದರೆ ಅಗೆದ ಮಣ್ಣನ್ನು ಗುಡ್ಡೆ ಹಾಕಿ, ಗುಂಡಿಗೆ ನೀರು ತುಂಬಿ, ಮೇಲೆ ಮರ ನೆಡುವ ಈ ಕೆಲಸವನ್ನೇ ಮುಂದಿನ ನೂರು ವರ್ಷಗಳಲ್ಲಿ ಇಡೀ ನಾಡಿಗೆ ನಾಡೇ ಮಾಡಬೇಕಾಯಿತು. ಆತನು ಮಾಡಿದ್ದು ಚೆಲುವಿಗಾಗಿ; ಮುಂದಿನವರು ಮಾಡಿದ್ದು ಕಲ್ಲಿದ್ದಲಿಗಾಗಿ.

ಲೌಸಿಟ್ಸಿನ ಮರಳಿನ ಕೆಳಗೆ ಲಿಗ್ನೈಟ್ ಎಂಬ ಕಂದು ಬಣ್ಣದ ಕಲ್ಲಿದ್ದಲು ಇದೆ. ಒಂದೂವರೆ ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಹಬ್ಬಿದ್ದ ಜೌಗುಕಾಡುಗಳು ಹೂತು ಹೋಗಿ ಆದ ಪದರ ಅದು. ಕೈಯಲ್ಲಿ ಹಿಡಿದರೆ ಕೆಲವು ತುಂಡುಗಳಲ್ಲಿ ಮರದ ನಾರು ಇನ್ನೂ ಕಾಣಿಸುತ್ತದೆ. ಪೂರ್ವ ಜರ್ಮನಿ ಪ್ರತ್ಯೇಕ ರಾಷ್ಟ್ರವಾಗಿದ್ದ 1949ರಿಂದ 1990ರ ವರೆಗಿನ ಕಾಲದಲ್ಲಿ ಅದರ ದೀಪ, ಕಾರ್ಖಾನೆ, ಚಳಿಗಾಲದ ಒಲೆ ಎಲ್ಲಕ್ಕೂ ಇದೇ ಆಧಾರವಾಗಿತ್ತು. 1980ರ ದಶಕದ ಕೊನೆಯಲ್ಲಿ ಲೌಸಿಟ್ಸ್ ಒಂದರಿಂದಲೇ ವರ್ಷಕ್ಕೆ ಸುಮಾರು 20 ಕೋಟಿ ಟನ್ನು ಲಿಗ್ನೈಟ್ ಮೇಲೆ ಬರುತ್ತಿತ್ತು. ಸುರಂಗ ಕೊರೆದು ತೆಗೆಯುವ ಗಣಿಯಲ್ಲ ಇದು. ಮೇಲಿನ ನೆಲವನ್ನೆಲ್ಲ ಕೆರೆದು ಬದಿಗೆ ಸುರಿದು, ತಳದ ಪದರವನ್ನು ಬಾಚಿಕೊಳ್ಳುವ ಬಯಲು ಗಣಿ. ಆ ಕೆರೆಯುವ ಕೆಲಸಕ್ಕೆ ಕಟ್ಟಿದ ಯಂತ್ರಗಳಲ್ಲೊಂದನ್ನು ಲಿಖ್ಟರ್‌ಫೆಲ್ಡ್ ಎಂಬ ಹಳ್ಳಿಯಲ್ಲಿ ಪ್ರವಾಸಿಗಳ ಪ್ರದರ್ಶನಕ್ಕಾಗಿ ಉಳಿಸಿದ್ದಾರೆ. 502 ಮೀಟರು ಉದ್ದದ ಉಕ್ಕಿನ ಸೇತುವೆ. ತೂಕ ಸುಮಾರು 11,000 ಟನ್ನು. ಗಣಿಯ ಒಂದು ಬದಿಯಲ್ಲಿ ಅಗೆದ ಮಣ್ಣು ಇದರ ಮೇಲೆ ಪಟ್ಟಿಯಲ್ಲಿ ಸಾಗಿ ಇನ್ನೊಂದು ಬದಿಗೆ ಬೀಳುತ್ತಿತ್ತು. ‘ಮಲಗಿರುವ ಐಫೆಲ್ ಗೋಪುರ’ ಎಂದು ಜನ ಇದನ್ನು ಕರೆಯುತ್ತಾರೆ. ನಿಂತಿರುವುದಕ್ಕಿಂತ ಮಲಗಿರುವುದೇ ಉದ್ದ! 1991ರಲ್ಲಿ ಕೆಲಸಕ್ಕೆ ಹಚ್ಚಿ, 1992ರಲ್ಲೇ ಗಣಿ ಮುಚ್ಚಿದ್ದರಿಂದ ನಿಲ್ಲಿಸಿದರಂತೆ. ಮೇಲೆ ಹತ್ತಿ ನಿಂತು ನೋಡಿದಾಗ ನನಗೆ ಕಾಲು ನಡುಗಿದ್ದು ಎತ್ತರಕ್ಕೋ, ಈ ಲೆಕ್ಕಾಚಾರಕ್ಕೋ ತಿಳಿಯದು.

ಹೀಗೆ ನೆಲ ಕೆರೆಯುವಾಗ ನೆಲದ ಮೇಲಿದ್ದ ಊರುಗಳೂ ಹೋದವು. ಲೌಸಿಟ್ಸಿನಲ್ಲಿ ಕಣ್ಮರೆಯಾದ ಹಳ್ಳಿಗಳು 130ಕ್ಕೂ ಹೆಚ್ಚು. ಅವುಗಳಲ್ಲಿ ಅನೇಕವು ಸೋರ್ಬರವು. ಹೋರ್ನೋ ಎಂಬ ಹಳ್ಳಿಯವರು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿಳಿದರೂ ಊರು ಉಳಿಯಲಿಲ್ಲ. ಫೋರ್ಸ್ಟ್ ಪಟ್ಟಣದ ಅಂಚಿನಲ್ಲಿ ಅವರಿಗೆ ಹೊಸ ಹೋರ್ನೋ ಕಟ್ಟಿಕೊಟ್ಟರು. 2006ರಲ್ಲಿ ಅಲ್ಲೇ ‘ಕಣ್ಮರೆಯಾದ ಊರುಗಳ ಸಂಗ್ರಹಾಲಯ’ವನ್ನು ತೆರೆದರು. ಈ ನಾಡನ್ನು ನೋಡಬಂದವರು ಅದನ್ನು ನೋಡದೆ ಹಿಂದಿರುಗಬಾರದು.

1990ರಲ್ಲಿ ಎರಡು ಜರ್ಮನಿಗಳು ಒಂದಾದ ಮೇಲೆ ಬಹುಪಾಲು ಗಣಿಗಳು ಮುಚ್ಚಿದವು. ಇನ್ನೂ ನಡೆಯುತ್ತಿರುವವು ಕೆಲವೇ. ಅವು ಕೂಡ ಹೆಚ್ಚೆಂದರೆ 2038ರೊಳಗೆ ನಿಲ್ಲಬೇಕೆಂದು 2020ರಲ್ಲಿ ಕಾನೂನಾಗಿದೆ. ಖಾಲಿ ಗುಂಡಿಗಳಿಗೆ ನೀರು ತುಂಬಿ ಸರೋವರಗಳನ್ನು ಮಾಡುತ್ತ ಬಂದಿದ್ದಾರೆ. ಅವುಗಳಲ್ಲಿ ಒಂದಾದ ಸೆನ್ಫ್ಟೆನ್‌ಬೆರ್ಗ್ ಸರೋವರ 1973ರಲ್ಲೇ ಜನರ ಸ್ನಾನಕ್ಕೆ ತೆರೆದಿತ್ತು. ಈಗ ಅಲ್ಲಿ ದೋಣಿಗಳ ಹಾಯಿಯನ್ನೂ ಐಸ್‌ಕ್ರೀಂ ಅಂಗಡಿಗಳನ್ನೂ ನೋಡಿದವರು ಕೆಳಗೊಂದು ಗಣಿ ಇತ್ತೆಂದರೆ ನಂಬಲಾರರು. ಸರೋವರಗಳ ವಿಷಯ ಇಷ್ಟೇ ಸಾಕು, ಚಿತ್ರಗಳು ಎಲ್ಲೆಡೆ ಸಿಗುತ್ತವೆ. ನಾನು ನೋಡಬೇಕೆಂದು ಹೋದದ್ದು ಉಳಿದ ಅರ್ಧವನ್ನು: ಗುಂಡಿಯಿಂದ ಎತ್ತಿ ಸುರಿದ ಮಣ್ಣಿನ ಮೇಲೆ ಬೆಳೆಸಿದ ಕಾಡನ್ನು.

ಸುರಿದ ಮಣ್ಣಿನ ಮೇಲೆ ಕಾಡು ಬೆಳೆಸುವುದು ಸುಲಭದ ಮಾತಾಗಿರಲಿಲ್ಲ. ಭೂಮಿಯ ಆಳದಲ್ಲಿ ಗಾಳಿ ತಾಗದೆ ಇದ್ದ ಮರಳಿನಲ್ಲಿ ಪೈರೈಟ್ ಎಂಬ ಖನಿಜವಿದೆ. ಕಬ್ಬಿಣ ಮತ್ತು ಗಂಧಕಗಳು ಕೂಡಿ ಆದದ್ದು. ಅದು ಮೇಲೆ ಬಂದು ಗಾಳಿ ನೀರು ಸೋಂಕಿದೊಡನೆ ಗಂಧಕಾಮ್ಲವಾಗತೊಡಗುತ್ತದೆ. ಹುಣಸೆ ರಸಕ್ಕಿಂತ ಹುಳಿಯಾದ ಮಣ್ಣಿನಲ್ಲಿ ಬೀಜ ಮೊಳೆಯುವುದೆಂತು? ಹೊರಗೆ ಬಂದ ಕಬ್ಬಿಣವು ನೀರಿನೊಡನೆ ಇಳಿದು ಶ್ಪ್ರೇ ನದಿಯನ್ನು ಕೆಲವೆಡೆ ತುಕ್ಕಿನ ಬಣ್ಣಕ್ಕೆ ತಿರುಗಿಸಿರುವುದನ್ನು ಕಣ್ಣಾರೆ ನೋಡಬಹುದು. ಈ ಹುಳಿಯನ್ನು ಮುರಿಯಲು ಸುಣ್ಣವನ್ನೂ, ವಿದ್ಯುತ್ ಸ್ಥಾವರಗಳಿಂದ ಬೆಟ್ಟದಂತೆ ಬೀಳುತ್ತಿದ್ದ ಬೂದಿಯನ್ನೂ ಮರಳಿನೊಳಗೆ ಆಳವಾಗಿ ಬೆರೆಸಿ, ಆಮೇಲೆ ಪೈನ್ ಸಸಿಗಳನ್ನೂ, ಬರ್ಚ್, ಓಕ್ ಮರಗಳನ್ನೂ ನೆಟ್ಟರು. ಬೇಸಾಯಕ್ಕೆಂದು ಬಿಟ್ಟ ಹೊಲಗಳಲ್ಲಿ ಮೊದಲ ವರ್ಷಗಳಲ್ಲಿ ಕುದುರೆಮೆಂತ್ಯವನ್ನು ಬಿತ್ತಿದರು. ಕಲ್ಲಿದ್ದಲು ತೆಗೆದು ಆದ ಗಾಯಕ್ಕೆ ಕಲ್ಲಿದ್ದಲಿನ ಬೂದಿಯೇ ಔಷಧಿ!

ಈ ಕಾಡುಗಳಲ್ಲಿ ಬೇಕಾದಲ್ಲಿ ಕಾಲಿಡುವಂತಿಲ್ಲ. ದಾರಿಯ ಪಕ್ಕದಲ್ಲಿ ಅಲ್ಲಲ್ಲಿ ‘ಪ್ರಾಣಾಪಾಯ’ ಎಂಬ ಫಲಕಗಳಿವೆ. ಸಡಿಲವಾಗಿ ಸುರಿದ ಮರಳಿನೊಳಗೆ, ಗಣಿಯ ಪಂಪುಗಳು ನಿಂತ ಮೇಲೆ, ಅಂತರ್ಜಲ ಮತ್ತೆ ಏರಿಬರುತ್ತದೆ. ಆಗ ಗಟ್ಟಿಯಾಗಿ ಕಂಡ ನೆಲ ಒಮ್ಮೆಗೇ ಗಂಜಿಯಂತೆ ಹರಿದುಬಿಡುವುದುಂಟು. 2010ರ ಅಕ್ಟೋಬರಿನಲ್ಲಿ ಶ್ಪ್ರೇಟಾಲ್ ಎಂಬಲ್ಲಿ ಹೀಗೆ ಕುಸಿದ ನೆಲದಲ್ಲಿ ಒಂದು ಕುರಿ ಹಿಂಡು ಸಿಕ್ಕಿ ಸತ್ತಿತು. ಆದ್ದರಿಂದ ಮಣ್ಣಿನ ಪರೀಕ್ಷೆಗೆ ಹೊರಟ ಒಂದು ಸಣ್ಣ ತಂಡದ ಜೊತೆಗೆ, ಅನುಮತಿಯಿರುವ ಪ್ರದೇಶಕ್ಕೆ ಮಾತ್ರ ನಾನು ಹೋದೆ. ತಂಡದ ಮುಂದಾಳು ಐವತ್ತು ದಾಟಿದ ಒಬ್ಬ ಮಹಿಳೆ, ಮಣ್ಣಿನ ವಿಜ್ಞಾನಿ; ಜೊತೆಗೆ ಇಬ್ಬರು ವಿದ್ಯಾರ್ಥಿಗಳು. ಹೆಗಲ ಮೇಲೆ ಗುದ್ದಲಿ ಹೊತ್ತು ಆಕೆ ನಡೆಯುವ ರಭಸವನ್ನು ನೋಡಿದರೆ ನಮ್ಮ ಕಡೆಯ ತೋಟದ ಯಜಮಾನಿಯ ನೆನಪಾಗುತ್ತಿತ್ತು.

ಪೈನ್ ಮರಗಳ ಸಾಲು ನೇರವಾಗಿತ್ತು. ನೆಟ್ಟ ಕಾಡೆಂದು ಅದರಿಂದಲೇ ತಿಳಿಯುತ್ತದೆ. ಒಂದು ಕಡೆ ನಿಂತು ಮಂಡಿಯಾಳದ ಗುಂಡಿಯನ್ನು ತೋಡಿದರು. ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಉದುರಿದ ಸೂಜಿ ಎಲೆಗಳು. ಅವುಗಳ ಕೆಳಗೆ ಕೊಳೆತು ಕಪ್ಪಾದ ತೆಳುಪದರ. ಅದರ ಕೆಳಗೆ ಬೂದುಬಣ್ಣದ ಮರಳು. ಇನ್ನೂ ಕೆಳಗೆ ಮಸಿ ಕಲಸಿದಂಥ ಕಪ್ಪು ಮರಳು. ಅಂಗೈ ಉದ್ದದ ಉಕ್ಕಿನ ಉಂಗುರವೊಂದನ್ನು ಗುಂಡಿಯ ಗೋಡೆಗೆ ಮೆಲ್ಲಗೆ ಬಡಿದು ಕೂರಿಸಿ, ಮಣ್ಣು ಅಲುಗದಂತೆ ಹೊರಗೆ ತೆಗೆದರು. ಉಂಗುರದ ಗಾತ್ರ ಗೊತ್ತಿರುವುದರಿಂದ, ಒಣಗಿಸಿ ತೂಗಿದರೆ ಒಂದು ಘನ ಸೆಂಟಿಮೀಟರು ಮಣ್ಣು ಎಷ್ಟು ಗ್ರಾಂ ಇದೆಯೆಂದು ತಿಳಿಯುತ್ತದೆ. ಉಳಿದ ಮಣ್ಣನ್ನು ಜರಡಿ ಹಿಡಿದು, ಪುಡಿ ಮಾಡಿ, ಆಮ್ಲಜನಕದಲ್ಲಿ ಸುಟ್ಟು, ಹೊರಟ ಅಂಗಾರಾಮ್ಲ ವಾಯುವನ್ನು ಅಳೆದರೆ ನೂರಕ್ಕೆ ಎಷ್ಟು ಪಾಲು ಇಂಗಾಲವಿದೆಯೆಂದು ಗೊತ್ತಾಗುತ್ತದೆ.

ಮುಂದಿನದು ಮನೆಯ ಮಕ್ಕಳೂ ಮಾಡಬಹುದಾದ ಲೆಕ್ಕ. ಒಂದು ಹೆಕ್ಟೇರು ಎಂದರೆ ಸುಮಾರು ಎರಡೂವರೆ ಎಕರೆ. ಅದರ ಮೇಲಿನ 30 ಸೆಂಟಿಮೀಟರು ಮಣ್ಣು 3,000 ಘನ ಮೀಟರು. ಘನ ಮೀಟರಿಗೆ ಒಂದೂವರೆ ಟನ್ನಿನಂತೆ 4,500 ಟನ್ನು. ಅದರಲ್ಲಿ ನೂರಕ್ಕೆ ಒಂದು ಪಾಲು ಇಂಗಾಲವಿದ್ದರೆ 45 ಟನ್ನು. ಮರಗಳು ಗಾಳಿಯಲ್ಲಿನ ಅಂಗಾರಾಮ್ಲವನ್ನು ಹೀರಿ ಎಲೆ ಬೇರುಗಳನ್ನು ಮಾಡಿಕೊಂಡು, ಅವು ಉದುರಿ ಕೊಳೆತು, ಒಂದು ಪಾಲು ಮತ್ತೆ ಗಾಳಿಗೆ ಹೋಗಿ, ಒಂದು ಪಾಲು ಮಣ್ಣಿನಲ್ಲಿ ನಿಲ್ಲುತ್ತದೆ. ಬರಡು ಮರಳಿನಲ್ಲಿ ಹೀಗೆ ಇಂಗಾಲ ಕೂಡಿಕೊಳ್ಳುತ್ತ ಹೋದರೆ ಭೂಮಿಯೂ ಫಲವತ್ತಾಯಿತು, ಗಾಳಿಯ ಹೊರೆಯೂ ಅಷ್ಟು ಇಳಿಯಿತು. ಈ ಇಳಿಕೆಗೆ ಇಂದು ಬೆಲೆ ಬಂದಿದೆ. ಇಂತಿಷ್ಟು ಟನ್ನು ಇಂಗಾಲವನ್ನು ಮಣ್ಣಿನಲ್ಲಿ ಹುಗಿದೆವೆಂದು ತೋರಿಸಿಕೊಟ್ಟವರು ಆ ಲೆಕ್ಕವನ್ನು ಪೇಟೆಯಲ್ಲಿ ಮಾರಬಹುದಾದ ಕಾಲ ಇದು.

ಇಲ್ಲಿಗೆ ಬಂದಾಗ ನನಗೆ ಎಲ್ಲವೂ ಸರಳವಾಗಿ ತೋರಿತು. ಆಕೆ ಮಾತನಾಡದೆ ತಳದ ಕಪ್ಪು ಮರಳನ್ನು ಅಂಗೈಯಲ್ಲಿ ಹಾಕಿ, ಬೆರಳಿನಿಂದ ಉಜ್ಜಿ ತೋರಿಸಿದರು. ಸಾಸಿವೆ ಕಾಳಿನಷ್ಟು, ಅದಕ್ಕೂ ಸಣ್ಣ, ಕಪ್ಪು ಚೂರುಗಳು. ಲಿಗ್ನೈಟ್!

“ಇದನ್ನೂ ಸುಟ್ಟರೆ ಅಂಗಾರಾಮ್ಲವೇ ಬರುತ್ತದೆ. ಯಂತ್ರಕ್ಕೆ ಎರಡೂ ಒಂದೇ. ಹಾಗಾದರೆ ಈ ಕಾಡು ಕೂಡಿಟ್ಟ ಇಂಗಾಲ ಯಾವುದು, ಗಣಿ ಬಿಟ್ಟುಹೋದ ಇಂಗಾಲ ಯಾವುದು, ನೀವೇ ಹೇಳಿ” ಎಂದರು.

ತೊಡಕು ಇರುವುದು ಇಲ್ಲಿಯೇ. ಆ ಮಹಾ ಸೇತುವೆಯ ಮೇಲಿನಿಂದ ಸುರಿದಾಗ ಕಲ್ಲಿದ್ದಲಿನ ಪದರದ ಅಕ್ಕಪಕ್ಕದ ಕಪ್ಪು ಮರಳೂ, ಚೂರುಪಾರೂ ಮೇಲಿನ ಮಣ್ಣಿನೊಡನೆ ಬೆರೆತುಹೋಗಿವೆ. ಬೂದಿಯ ಜೊತೆಗೆ ಸರಿಯಾಗಿ ಉರಿಯದ ಇದ್ದಲಿನ ಪುಡಿಯೂ ಬಂದಿದೆ. ಸ್ಥಾವರಗಳ ಚಿಮಣಿಗಳಿಂದ ಗಾಳಿಯಲ್ಲಿ ತೇಲಿ ಬಂದದ್ದು ಬೇರೆ. ಕೆಲವು ಕಡೆ ಮಣ್ಣಿನಲ್ಲಿರುವ ಇಂಗಾಲದ ಹೆಚ್ಚಿನ ಪಾಲು ಇದೇ. ಸಸಿ ನೆಡುವ ಮುನ್ನವೇ ಮಣ್ಣು ‘ಇಂಗಾಲ ಸಮೃದ್ಧ’ವಾಗಿ ಕಾಣಿಸುತ್ತದೆ! ಹಾಲಿಗೆ ನೀರು ಬೆರೆಸಿದವನು ಪಾವಿನಲ್ಲಿ ಅಳೆದು ಕೊಟ್ಟರೆ ಅಳತೆಯಲ್ಲಿ ಏನೂ ಮೋಸ ಕಾಣುವುದಿಲ್ಲ, ಹಾಗೆ. ಮೋಸ ಮಾಡಬೇಕೆಂಬ ಉದ್ದೇಶ ಯಾರಿಗೂ ಇರಬೇಕಾಗಿಲ್ಲ. ಲೆಕ್ಕ ಮಾತ್ರ ಸುಳ್ಳಾಗುತ್ತದೆ. ಗಣಿಯು ತೆಗೆಯದೆ ಬಿಟ್ಟ ಕಲ್ಲಿದ್ದಲಿಗೆ ಕಾಡು ಬೆಳೆಸಿದ ಪುಣ್ಯ ಬಂದೀತು.

ಬೇರೆ ಜಾತಿಯ ಗಟ್ಟಿ ಕಲ್ಲಿದ್ದಲಾಗಿದ್ದರೆ ರಸಾಯನಗಳಿಂದ ಬೇರ್ಪಡಿಸಲು ಸ್ವಲ್ಪ ಅನುಕೂಲವಿರುತ್ತಿತ್ತು. ಲಿಗ್ನೈಟ್ ಎಂಬುದು ಇನ್ನೂ ಪೂರ್ತಿ ಕಲ್ಲಾಗದ ಮರ. ಕೊಳೆತ ಎಲೆ, ಬೇರುಗಳ ದ್ರವ್ಯಕ್ಕೂ ಅದಕ್ಕೂ ಹತ್ತಿರದ ಹೋಲಿಕೆ. ಅಜ್ಜನ ಮುಖ ಮೊಮ್ಮಗನಲ್ಲಿ ಕಾಣುವಂತೆ ಒಂದರ ಗುರುತು ಇನ್ನೊಂದರಲ್ಲಿದೆ. ಇವರನ್ನು ತಪ್ಪದೆ ಬಿಡಿಸಿ ಹೇಳುವ ಸಾಕ್ಷಿ ಒಂದೇ: ವಯಸ್ಸು.

ಇಂಗಾಲದ ಪರಮಾಣುಗಳಲ್ಲಿ ಬಲು ವಿರಳವಾಗಿ ‘ಇಂಗಾಲ-14’ ಎಂಬ ಭಾರವಾದ ಜಾತಿಯೊಂದಿದೆ. ಅಂತರಿಕ್ಷದ ಕಿರಣಗಳು ವಾಯುಮಂಡಲದ ಮೇಲೆ ಎರಗುವುದರಿಂದ ಅದು ಸದಾ ಹುಟ್ಟುತ್ತಿರುತ್ತದೆ. ಹುಟ್ಟಿದ್ದು ಕ್ರಮೇಣ ನಾಶವಾಗುತ್ತಲೂ ಇರುತ್ತದೆ. 5,730 ವರ್ಷಗಳಿಗೆ ಅರ್ಧ ಉಳಿಯುತ್ತದೆ. ಇನ್ನಷ್ಟೇ ವರ್ಷಗಳಿಗೆ ಅದರ ಅರ್ಧ. ಬದುಕಿರುವ ಗಿಡಮರಗಳು ಗಾಳಿಯಿಂದ ಅದನ್ನು ಪಡೆಯುತ್ತಲೇ ಇರುತ್ತವೆ. ಸತ್ತ ಮೇಲೆ ಆದಾಯವಿಲ್ಲ, ಖರ್ಚು ಮಾತ್ರ. ಲಿಬ್ಬಿ ಎಂಬ ಅಮೆರಿಕದ ವಿಜ್ಞಾನಿ ಇದನ್ನು ಗಡಿಯಾರವಾಗಿ ಬಳಸುವ ವಿಧಾನವನ್ನು ಕಂಡುಹಿಡಿದು 1960ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದುದು ಅನೇಕ ವಾಚಕರಿಗೆ ತಿಳಿದಿರಬಹುದು. ಶಿಲಾಯುಗದ ಇದ್ದಲು, ಪಿರಮಿಡ್ಡುಗಳ ಮರ ಮುಂತಾದವುಗಳ ಕಾಲವನ್ನು ನಿರ್ಣಯಿಸಲು ಉಪಯೋಗವಾದ ಆ ಗಡಿಯಾರವೇ ಇಲ್ಲಿ ಈ ಜಗಳವನ್ನೂ ತೀರಿಸುತ್ತದೆ. ಕೋಟಿ ವರ್ಷ ದಾಟಿದ ಲಿಗ್ನೈಟಿನಲ್ಲಿ ಇಂಗಾಲ-14 ಲವಲೇಶವೂ ಉಳಿದಿಲ್ಲ. ನಿನ್ನೆ ಮೊನ್ನೆ ಬಿದ್ದ ಪೈನ್ ಸೂಜಿಯಲ್ಲಿ ಪೂರ್ಣವಾಗಿದೆ. ಎರಡೂ ಬೆರೆತ ಮಣ್ಣಿನಲ್ಲಿ, ಹೊಸ ಎಲೆಯಲ್ಲಿ ಇರಬೇಕಾದುದರ ನೂರಕ್ಕೆ ನಲವತ್ತು ಪಾಲು ಮಾತ್ರ ಕಂಡುಬಂದರೆ, ಆ ಮಣ್ಣಿನ ಇಂಗಾಲದಲ್ಲಿ ನಲವತ್ತು ಪಾಲು ಕಾಡಿನದು, ಅರವತ್ತು ಪಾಲು ಗಣಿಯದು. 45 ಟನ್ನಿನ ನಮ್ಮ ಹೆಕ್ಟೇರಿನಲ್ಲಿ ಕಾಡಿನ ಸಂಪಾದನೆ 18 ಟನ್ನಿಗೆ ಇಳಿಯಿತು! ಲೌಸಿಟ್ಸಿನ ಕಾಡುಮಣ್ಣನ್ನು ಈ ರೀತಿಯಲ್ಲಿ ಪರೀಕ್ಷಿಸುವ ಕೆಲಸ 1990ರ ದಶಕದಿಂದಲೂ ನಡೆದುಬಂದಿದೆ.

ಪರೀಕ್ಷೆಗೆ ಮಿಲಿಗ್ರಾಮಿನಷ್ಟು ಇಂಗಾಲ ಸಾಕು. ಆದರೆ ಪರಮಾಣುಗಳನ್ನು ಒಂದೊಂದಾಗಿ ಎಣಿಸುವ ದೊಡ್ಡ ವೇಗವರ್ಧಕ ಯಂತ್ರ ಬೇಕು, ಹಣವೂ ಬೇಕು. ಇಡೀ ಕಾಡಿನ ಪ್ರತಿಯೊಂದು ಗುಂಡಿಗೂ ಇದನ್ನು ಮಾಡಿಸಲಾಗದು. ಕೆಲವನ್ನು ಆರಿಸಿ ಮಾಡಿಸಿ, ಉಳಿದವನ್ನು ಅಗ್ಗದ ವಿಧಾನಗಳಿಂದ ಅಂದಾಜು ಮಾಡುತ್ತಾರೆ. ಇದಲ್ಲದೆ ಬೇರೆ ಸಿಕ್ಕುಗಳೂ ಇವೆ. ಸುಣ್ಣ, ಬೂದಿಗಳಲ್ಲಿಯೂ ಇಂಗಾಲವಿದೆ, ಅದು ಜೀವಿಯದಲ್ಲ. ಮಣ್ಣಿನ ಮೇಲೆ ಎರಡು ಹನಿ ಆಮ್ಲ ಬಿಟ್ಟು, ನೊರೆ ಬಂದರೆ ಅದನ್ನು ಮೊದಲು ಕಳೆಯಬೇಕು. 1950ರ ದಶಕದಲ್ಲೂ 1960ರ ಆರಂಭದಲ್ಲೂ ನಡೆದ ಅಣುಬಾಂಬು ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14 ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಆಗಿನ ಎಲೆಗಳ ಲೆಕ್ಕ ಬೇರೆ. ಅದು ಈಗ ಬಹುಮಟ್ಟಿಗೆ ಹಳೆಯ ಮಟ್ಟಕ್ಕೇ ಇಳಿದಿದೆ. ಹಾಗೆ ಇಳಿಯಲು ಒಂದು ಕಾರಣ, ಜಗತ್ತೆಲ್ಲ ಸುಟ್ಟ ಕಲ್ಲಿದ್ದಲು ಎಣ್ಣೆಗಳ ‘ಸತ್ತ’ ಇಂಗಾಲ ಗಾಳಿಗೆ ಬೆರೆತದ್ದು. ಕಾಲವನ್ನು ಅಳೆಯುವ ಗಡಿಯಾರವನ್ನೂ ಕಲ್ಲಿದ್ದಲು ಮುಟ್ಟದೆ ಬಿಡಲಿಲ್ಲ.

ಎಲ್ಲಕ್ಕಿಂತ ನನ್ನನ್ನು ಚಕಿತಗೊಳಿಸಿದ ಸಂಗತಿ ಇನ್ನೊಂದು. ಆ ಕಪ್ಪು ಚೂರುಗಳು ಕಲ್ಲಿನಂತೆ ಸುಮ್ಮನೆ ಬಿದ್ದಿರುವುದಿಲ್ಲ. ಗಾಳಿ, ನೀರು, ಬೇರುಗಳು ತಲುಪಿದ ಮೇಲೆ ಮಣ್ಣಿನ ಸೂಕ್ಷ್ಮಜೀವಿಗಳು ಅವನ್ನೂ ಮೆಲ್ಲಮೆಲ್ಲನೆ ತಿನ್ನುತ್ತವೆ. ಎಂದರೆ ಮೇಲಿನ ಮರಗಳು ಗಾಳಿಯಿಂದ ಇಂಗಾಲವನ್ನು ತಂದು ಹಾಕುತ್ತಿರುವಾಗಲೇ, ಒಲೆಯನ್ನು ಕಾಣದ ಲಿಗ್ನೈಟ್ ಕೆಳಗಿನಿಂದ ಅಂಗಾರಾಮ್ಲವಾಗಿ ಹೊರಡುತ್ತಿರುತ್ತದೆ. ಒಂದೇ ಗುಂಡಿಯಲ್ಲಿ ಜಮೆಯೂ ಉಂಟು, ಖರ್ಚೂ ಉಂಟು. ಒಟ್ಟು ಮೊತ್ತವನ್ನು ಮಾತ್ರ ನೋಡುವವನಿಗೆ ಇವೆರಡೂ ಕಾಣಿಸುವುದಿಲ್ಲ.

ಮಧ್ಯಾಹ್ನ ಹತ್ತಿರದ ಹಳ್ಳಿಯ ಊಟದ ಮನೆಗೆ ಹೋದೆವು. ಸಿಪ್ಪೆಯೊಡನೆ ಬೇಯಿಸಿದ ಆಲೂಗೆಡ್ಡೆ, ಗಟ್ಟಿ ಮೊಸರಿನಂಥ ಹಸಿ ಗಿಣ್ಣು, ಅದರ ಮೇಲೆ ಧಾರಾಳವಾಗಿ ಅಗಸೆ ಎಣ್ಣೆ. ಲೌಸಿಟ್ಸಿನ ಮನೆಮನೆಯ ಊಟ ಇದು. ಜೊತೆಗೆ ನೆರೆಯ ಶ್ಪ್ರೇವಾಲ್ಡಿನ ಹೆಸರಾಂತ ಸೌತೆಕಾಯಿ ಉಪ್ಪಿನಕಾಯಿ. ಅಗಸೆಯ ರುಚಿ ಧಾರವಾಡದ ಕಡೆಯವರಿಗೆ ಹೊಸತಲ್ಲ. ಅಗಸೆ ಚಟ್ನಿಪುಡಿ ಇಲ್ಲವಲ್ಲ ಎಂಬ ಒಂದೇ ಕೊರತೆ. ಊಟದ ನಡುವೆ ಕಾಗದದ ಚೂರಿನ ಮೇಲೆ ಆಕೆ ಇನ್ನೊಂದು ಲೆಕ್ಕ ಬರೆದರು. ಈ ಕಾಡಿನ ಕೆಳಗೆ ಇದ್ದ ಕಲ್ಲಿದ್ದಲಿನ ಪದರ ಹತ್ತು ಮೀಟರು ದಪ್ಪವೆಂದಿಟ್ಟುಕೊಳ್ಳೋಣ. ಒಂದು ಹೆಕ್ಟೇರಿಗೆ ಒಂದು ಲಕ್ಷ ಘನ ಮೀಟರು. ಲಕ್ಷ ಟನ್ನಿಗೆ ಕಡಿಮೆಯಿಲ್ಲ. ಅರ್ಧಕ್ಕೂ ಹೆಚ್ಚು ನೀರೇ ಆದರೂ ಕಾಲುಭಾಗವಾದರೂ ಇಂಗಾಲ. 25,000 ಟನ್ನು! ಗಾಳಿಗೆ ಹೋದದ್ದು ಅಷ್ಟು. ಕಾಡು ದಶಕಗಟ್ಟಲೆ ದುಡಿದು ಮಣ್ಣಿಗೆ ತಂದದ್ದು ಆ ಕಪ್ಪು ಚೂರುಗಳನ್ನೆಲ್ಲ ಸೇರಿಸಿಕೊಂಡರೂ 45 ಟನ್ನು. ಐನೂರರಲ್ಲಿ ಒಂದು ಪಾಲೂ ಅಲ್ಲ.

“ಹಾಗಾದರೆ ಅಳೆಯುವುದೇಕೆ?” ಎಂದು ಕೇಳಿದೆ.

“ಆ 18 ಟನ್ನು ನಿಜವಾದದ್ದು. ಅದರಲ್ಲಿ ಮರ ನಿಂತಿದೆ, ಎರೆಹುಳು ಬಂದಿದೆ. ಅದನ್ನು 45 ಎಂದು ಬರೆದರೆ ಇನ್ನು ಕಾಯಬೇಕಾದ ವರ್ಷಗಳನ್ನು ಕಾಯುವವರಾರು?” ಎಂದರು ಆಕೆ, ಆಲೂಗೆಡ್ಡೆಯ ಸಿಪ್ಪೆ ಸುಲಿಯುತ್ತ.

ಇದು ದೂರದೇಶದ ಮಾತೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿ ಮೊದಲಾದ ಗಣಿಗಳಿಂದ ಕಲ್ಲಿದ್ದಲು ಬರುತ್ತದೆ. ಬೆಂಗಳೂರಿನಲ್ಲಿ ಈ ಪತ್ರಿಕೆಯನ್ನು ದೀಪದ ಬೆಳಕಿನಲ್ಲಿ ಓದುವವರೆಲ್ಲರೂ ಅದಕ್ಕೆ ಪಾಲುದಾರರೇ. ನಮ್ಮ ದೇಶದ ಬಯಲು ಗಣಿಗಳ ಮಣ್ಣಿನ ಗುಡ್ಡಗಳ ಮೇಲೂ ಗಿಡ ನೆಟ್ಟಿದ್ದಾರೆ. ಅವುಗಳ ಮಣ್ಣಿನಲ್ಲೂ ಇದ್ದಲ ಚೂರು ಬೆರೆತಿದೆ. ನಮ್ಮ ಗೊಂಡ್ವಾನ ಕಲ್ಲಿದ್ದಲು ಲೌಸಿಟ್ಸಿನದಕ್ಕಿಂತ ಬಹಳ ಹಳೆಯದು, 25 ಕೋಟಿ ವರ್ಷಗಳಿಗೂ ಹಿಂದಿನದು. ಆದರೆ ಈ ಗಡಿಯಾರಕ್ಕೆ ಎರಡೂ ಸಮಾನವಾಗಿ ಸತ್ತವೇ.

ಸಂಜೆ ಕಾಡಿಗೆ ಹಿಂತಿರುಗಿದಾಗ ಉಂಗುರಗಳ ಮಣ್ಣೆಲ್ಲ ಚೀಲಗಳಲ್ಲಿ ಸೇರಿತ್ತು. ವಿದ್ಯಾರ್ಥಿಗಳು ಚೀಲಗಳ ಮೇಲೆ ಆಳ, ಮರದ ಸಂಖ್ಯೆ, ದಿನಾಂಕಗಳನ್ನು ಬರೆದು ಪೆಟ್ಟಿಗೆಯಲ್ಲಿ ಜೋಡಿಸಿದರು. ಇದೇ ಗುಂಡಿಯ ಪಕ್ಕದಲ್ಲಿ ಹತ್ತು ವರ್ಷಗಳ ಮೇಲೆ ಮತ್ತೆ ಅಗೆಯಬೇಕಂತೆ. ಒಂದು ಸಲದ ಅಳತೆಯಿಂದ ಇರುವುದೆಷ್ಟೆಂದು ತಿಳಿದೀತು, ಬೆಳೆದದ್ದೆಷ್ಟೆಂದು ತಿಳಿಯದು. ಆ ವೇಳೆಗೆ ತಾನು ನಿವೃತ್ತಳಾಗಿರುತ್ತೇನೆಂದು ಆಕೆ ನಕ್ಕರು.

ಆಮೇಲೆ ಗುಂಡಿಯನ್ನು ಮುಚ್ಚಿದರು. ಅಗೆಯುವಾಗ ಒಂದೊಂದು ಪದರದ ಮಣ್ಣನ್ನೂ ಬೇರೆ ಬೇರೆ ಗೋಣಿತಟ್ಟಿನ ಮೇಲೆ ಹಾಕಿಟ್ಟಿದ್ದರು. ಮೊದಲು ಕಪ್ಪು ಮರಳು, ಅದರ ಮೇಲೆ ಬೂದುಬಣ್ಣದ್ದು, ಅದರ ಮೇಲೆ ಕೊಳೆತ ತೆಳುಪದರ, ಕಡೆಗೆ ಪೈನ್ ಸೂಜಿಗಳು. ತೆಗೆದ ಕ್ರಮಕ್ಕೆ ತಿರುವಾಗಿ ಒಂದೊಂದನ್ನೇ ಅದರದರ ಸ್ಥಾನದಲ್ಲಿ ಹಾಕಿ, ಕಾಲಿನಿಂದ ಮೆಲ್ಲಗೆ ಒತ್ತಿ, ಒಬ್ಬ ಹುಡುಗನು ಬಗ್ಗಿ ಮೇಲಿನ ಸೂಜಿಗಳನ್ನು ಕೈಯಿಂದ ಸರಿಪಡಿಸಿದನು.